ವಿಡಿಯೊ ಡೋರ್‌ಬೆಲ್: ಡಬ್ಬಿಯ ಮೇಲಿನ ‘2ಕೆ’ ನೋಡಿ ಮರುಳಾಗಬೇಡಿ

ಬಾಗಿಲಲ್ಲಿಟ್ಟ ಪಾರ್ಸೆಲ್ ಮಾಯ. ಆ್ಯಪ್ ತೆರೆದರೆ ಇರುವುದು ಗೇಟಿನತ್ತ ನಡೆದುಹೋಗುವ ಒಂದು ಬೆನ್ನು ಮಾತ್ರ. ಬ್ಯಾಟರಿ ಡೋರ್‌ಬೆಲ್ ಕೊಂಡವರಿಂದ ಪದೇಪದೇ ಬರುವ ದೂರಿದು. ‘2ಕೆ’ ಎಂದು ರೆಸಲ್ಯೂಷನ್ (ಚಿತ್ರದ ಸೂಕ್ಷ್ಮತೆ) ಹೆಚ್ಚಿಸಿದರೆ ಅದೇ ಬೆನ್ನು ಇನ್ನಷ್ಟು ಸ್ಪಷ್ಟವಾಗಿ ಕಂಡೀತು, ಅಷ್ಟೆ.

ಚಾರ್ಜ್ ಉಳಿಸಲು ಇಂಥ ಬೆಲ್ ಸದಾ ನಿದ್ದೆಯಲ್ಲಿರುತ್ತದೆ. ಪಿಐಆರ್ ಸೆನ್ಸರ್ ಮೈಶಾಖ ಗುರುತಿಸಬೇಕು, ಕ್ಯಾಮೆರಾ ಏಳಬೇಕು, ಆಮೇಲೆ ರೆಕಾರ್ಡಿಂಗ್. ಪಿಐಆರ್ ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬರುವವರನ್ನು ತಡವಾಗಿ. ಉದ್ದ ಕಾರಿಡಾರ್‌ನ ತುದಿಯ ಬಾಗಿಲಿಗೆ ಇದು ದೊಡ್ಡ ತೊಡಕು. ರಸ್ತೆಗೆ ಮುಖ ಮಾಡಿದ್ದರೆ ಇನ್ನೊಂದು ಗೋಳು: ಪ್ರತಿ ವಾಹನಕ್ಕೂ ಎದ್ದೆದ್ದು, ತಿಂಗಳುಗಟ್ಟಲೆ ಬರಬೇಕಾದ ಬ್ಯಾಟರಿ ಬೇಗನೆ ಖಾಲಿ. ಬ್ಯಾಟರಿಯೇ ಬೇಕೆಂದಿದ್ದರೆ ಪ್ರೀ-ರೋಲ್ (ಚಲನೆ ಗುರುತಿಸುವ ಮುಂಚಿನ ಕೆಲವು ಸೆಕೆಂಡುಗಳನ್ನೂ ಉಳಿಸುವ ಸೌಲಭ್ಯ) ಇರುವ ಮಾದರಿಯನ್ನೇ ಹುಡುಕಿ.

ತಂತಿಯ ಮಾದರಿಗೆ ಈ ತಾಪತ್ರಯವಿಲ್ಲ, ಆದರೆ ಇಲ್ಲಿ ಎಡವಿದರೆ ಬೆಲ್ ಸುಡುತ್ತದೆ, ಜೀವಕ್ಕೂ ಅಪಾಯ. ಇವುಗಳಲ್ಲಿ ಬಹುಪಾಲು ಟ್ರಾನ್ಸ್‌ಫಾರ್ಮರ್‌ನಿಂದ ಬರುವ 16–24 ವೋಲ್ಟ್ ಎಸಿಗೆ ತಯಾರಾದವು. ಎಷ್ಟೋ ಮನೆಗಳ ಹಳೆಯ ಬೆಲ್ ಸ್ವಿಚ್‌ನಲ್ಲಿ ಹರಿಯುವುದು ನೇರ 230 ವೋಲ್ಟ್. ನೋಡಲು ಎರಡೂ ಕಡೆ ಅವೇ ಎರಡು ತಂತಿ! ಮಲ್ಟಿಮೀಟರ್‌ನಲ್ಲಿ ಅಳೆಯದೆ ಜೋಡಿಸಬೇಡಿ. ಅಳೆಯಲು ಬಾರದಿದ್ದರೆ ಎಲೆಕ್ಟ್ರಿಷಿಯನ್‌ಗೆ ಬಿಡಿ. 8 ವೋಲ್ಟ್‌ನ ಹಳೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಮೋಸ ತಡವಾಗಿ ಗೊತ್ತಾಗುತ್ತದೆ: ಹಗಲಲ್ಲಿ ಹೇಗೋ ನಡೆದ ಬೆಲ್, ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದ ಕೂಡಲೇ ಕರೆಂಟ್ ಸಾಲದೆ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಮನೆಯೊಳಗೆ ಸದ್ದು ಮಾಡುವ ಚೈಮ್ ಬಿಟ್ಟು ನೇರ ಟ್ರಾನ್ಸ್‌ಫಾರ್ಮರ್‌ಗೆ ಕೊಡುವಾಗ ಕೆಲವು ಮಾದರಿಗಳಿಗೆ ಕರೆಂಟ್ ಮಿತಿಯಲ್ಲಿಡುವ ರೆಸಿಸ್ಟರ್ ಕಡ್ಡಾಯ. ಕೈಪಿಡಿಯ ಆ ಪುಟವನ್ನು ಕೊಳ್ಳುವ ಮೊದಲೇ ಓದಿ.

16:9ರ ಅಡ್ಡ ಚಿತ್ರದಲ್ಲಿ ಬೀದಿಯೆಲ್ಲ ಕಾಣುತ್ತದೆ, ಹೊಸ್ತಿಲ ಬಳಿಯ ಪೆಟ್ಟಿಗೆ ಕಾಣುವುದಿಲ್ಲ. 1:1 ಅಥವಾ 3:4 ಅನುಪಾತ ಆರಿಸಿ, ನೆಲದಿಂದ ಸುಮಾರು 1.2 ಮೀಟರ್ ಎತ್ತರಕ್ಕೆ ಕೂರಿಸಿ. ಎದುರುಮನೆಯ ಬಾಗಿಲು ಚೌಕಟ್ಟಿಗೆ ಬಂದರೆ ಆ್ಯಪ್‌ನಲ್ಲಿ ಪ್ರೈವೆಸಿ ಝೋನ್ ಹಾಕಿ ಚಿತ್ರದ ಆ ಭಾಗವನ್ನು ಮುಚ್ಚಿ.

ವಿಡಿಯೊ ಎಲ್ಲಿ ಉಳಿಯುತ್ತದೆ ಎಂದು ಕೇಳದೆ ದುಡ್ಡು ಕೊಡಬೇಡಿ. ಚಂದಾ ಕಟ್ಟದಿದ್ದರೆ ಕೆಲವು ಬೆಲ್‌ಗಳಲ್ಲಿ ಲೈವ್ ನೋಟ ಮತ್ತು ನೋಟಿಫಿಕೇಷನ್ ಬಿಟ್ಟು ಏನೂ ಇಲ್ಲ. ಮೆಮೊರಿ ಕಾರ್ಡ್ ಬೆಲ್‌ನೊಳಗೇ ಇದ್ದರೆ, ಬೆಲ್ ಕಿತ್ತವನ ಜೇಬಿಗೇ ಸಾಕ್ಷ್ಯವೂ ಹೋಗುತ್ತದೆ. ಮನೆಯೊಳಗಿಡುವ ಬೇಸ್ ಸ್ಟೇಷನ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ವಿಡಿಯೊ ಉಳಿಸುವ ಮಾದರಿ ಮೇಲು.

ಅಗ್ಗದ, ಹೆಸರು ಕೇಳದ ಬ್ರ್ಯಾಂಡ್‌ಗಳ ಸಂಗತಿ ಬೇರೆಯೇ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಏಕೆನ್ ಕಂಪನಿಯ ಬೆಲ್‌ಗಳು, ಬಟನ್ ಅನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ಪೇರಿಂಗ್ ಮೋಡ್‌ಗೆ (ಹೊಸ ಫೋನ್ ಜೋಡಿಸುವ ಸ್ಥಿತಿಗೆ) ಹೋಗುತ್ತಿದ್ದವು. ಹೊಸ್ತಿಲಲ್ಲಿ ನಿಂತ ಯಾರಾದರೂ ತಮ್ಮ ಫೋನಿಗೆ ಜೋಡಿಸಿಕೊಳ್ಳಬಹುದಿತ್ತು. ಎರಡು ಹಂತದ ಲಾಗಿನ್ ಇಲ್ಲದ ಆ್ಯಪ್, ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಎಂದು ಹೇಳದ ಕಂಪನಿ, ಎರಡನ್ನೂ ದೂರವಿಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಹಿಂದಿನವರು ತಮ್ಮ ಖಾತೆಯಿಂದ ಬೆಲ್ ತೆಗೆದುಹಾಕುವುದನ್ನು ಎದುರಿಗೇ ನೋಡಿ.

ಕೊನೆಗೆ ವೈ-ಫೈ. ಬಾಗಿಲು ಮುಚ್ಚಿ, ಹೊರಗೆ ನಿಂತು, ಬೆಲ್ ಕೂರುವ ಜಾಗದಲ್ಲೇ ಫೋನಿನಿಂದ 2.4 ಗಿಗಾಹರ್ಟ್ಸ್ ಸಿಗ್ನಲ್ ಅಳೆಯಿರಿ. ಮೈನಸ್ 65 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ) ದುರ್ಬಲವಾಗಿದ್ದರೆ, ಅಂದರೆ ಮೈನಸ್ 70ರಂತೆ ತೋರಿಸಿದರೆ, ಮೊದಲು ರೂಟರ್ ಸರಿಸಿ, ಬೆಲ್ ಆಮೇಲೆ ಕೊಳ್ಳಿ.