ಮಹದೇವಪೇಟೆಯೋ ಕುಶಾಲನಗರವೋ: ಬಟ್ಟೆ ಒಣಗುವ ಲೆಕ್ಕ

ಕೊಡಗಿನಲ್ಲಿ ಬಾಡಿಗೆ ಮನೆ ಹಿಡಿಯುವುದಾದರೆ ಮಡಿಕೇರಿಯ ಮೇಲೋ, ಕೆಳಗೆ ಕುಶಾಲನಗರದಲ್ಲೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುಶಾಲನಗರಕ್ಕೆ. ಮಡಿಕೇರಿಯ ಮಹದೇವಪೇಟೆಯಲ್ಲಿ ಎರಡು ಮಳೆಗಾಲ ಬಾಡಿಗೆಗಿದ್ದು ಇಳಿದು ಬಂದವಳು ನಾನು. ಆಫೀಸು ಮಾತ್ರ ಇನ್ನೂ ಮೇಲೆಯೇ ಇದೆ.

ಪೇಟೆಯ ಮನೆಗೆ ಎಲ್ಲವೂ ಹತ್ತಿರ. ಶುಕ್ರವಾರದ ಸಂತೆ, ಆಫೀಸು, ಎರಡಕ್ಕೂ ನಡೆದೇ ಹೋಗುತ್ತಿದ್ದೆ. ದಸರಾ ರಾತ್ರಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನೋಡಿ ನಿದ್ದೆಗಣ್ಣಲ್ಲಿ ನಡೆದೇ ವಾಪಸ್. ಅದೊಂದು ಸುಖ.

ಕಾಡಿದ್ದು ಬೂಷ್ಟು. ಜೂನ್‌ನಲ್ಲಿ ಒಗೆದ ಚೂಡಿದಾರ ನಾಲ್ಕನೇ ದಿನವೂ ತಣ್ಣಗೆ ಇರುತ್ತಿತ್ತು. ಹಳೇ ಮನೆಗಳಲ್ಲಾದರೆ ಬಚ್ಚಲೊಲೆಯ ಮೇಲೆ ಬಟ್ಟೆ ಹರವುತ್ತಾರೆ. ನಮ್ಮದು ಗೀಸರ್ ಮನೆ. ಫ್ಯಾನ್ ಕೆಳಗೆ ಹಗ್ಗ ಕಟ್ಟಿದೆ, ಕರೆಂಟು ಹೋಯಿತು. ಕೊನೆಗೆ ಒದ್ದೆ ಬಟ್ಟೆಗೇ ಇಸ್ತ್ರಿ ಒತ್ತಿ, ಹಬೆಯಾಡುವ ಕುರ್ತಾ ಹಾಕಿಕೊಂಡು ಆಫೀಸಿಗೆ ಹೋದದ್ದಿದೆ.

ಬೀರು ತೆಗೆದರೆ ಅಮ್ಮನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಚುಕ್ಕೆ. ಮಾಲೀಕರಿಗೆ ಹೇಳಿದರೆ, 'ಮಡಿಕೇರಿಯಲ್ಲಿ ಇದೆಲ್ಲ ಇದ್ದದ್ದೇ ಅಲ್ವಾ ಮೇಡಂ' ಎಂದು ಗೋಡೆಗೆ ಬಣ್ಣ ಹೊಡೆಸಿದರು. ಮುಂದಿನ ಜುಲೈಗೆ ಹೊಸ ಬಣ್ಣದ ಮೇಲೆಯೇ ಕಪ್ಪು ಕಲೆ ಹರಡಿತು. ಆಮೇಲೆ ಬಾಡಿಗೆಯನ್ನು 11,000ದಿಂದ 13,000ಕ್ಕೆ ಏರಿಸುವ ಮಾತು. ಹೋಂಸ್ಟೇಗೆ ಬಿಟ್ಟರೆ ಇನ್ನೂ ಜಾಸ್ತಿ ಬರುತ್ತದಂತೆ.

ಕುಶಾಲನಗರದಲ್ಲಿ ಮಳೆ ಮಡಿಕೇರಿಯ ಅರ್ಧವೂ ಇಲ್ಲ. ಆದರೆ ಕಾವೇರಿ ಇದೆ. 2018 ಮತ್ತು 2019ರಲ್ಲಿ ಇಲ್ಲಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಹೊಳೆ ಕಡೆ 7,500ಕ್ಕೆ ಚಂದದ ಮನೆ ಸಿಕ್ಕಿತ್ತು. ಗೋಡೆಗೆಲ್ಲ ಹೊಸ ಬಣ್ಣ, ಬಚ್ಚಲ ಬಾಗಿಲಿನ ಬುಡ ಮಾತ್ರ ಊದಿಕೊಂಡಿತ್ತು. ಅನುಮಾನ ಬಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಸೊಂಟಕ್ಕೆ ಕೈ ಇಟ್ಟು ತೋರಿಸಿ, 'ಇಲ್ಲಿವರೆಗೆ ಬಂದಿತ್ತು ಮಗಾ' ಎಂದರು. 1,500 ಜಾಸ್ತಿ ಕೊಟ್ಟು ಎತ್ತರದ ಕಡೆ ಮನೆ ಹಿಡಿದೆ. ಎರಡು ರೂಮು, ಮೇಲೆ ತಾರಸಿ.

ತರಕಾರಿ, ಆಸ್ಪತ್ರೆ, ಗ್ಯಾಸ್: ಎರಡೂ ಕಡೆ ತೊಂದರೆಯಿಲ್ಲ.

ಈಗ ದಿನಾ ಆಫೀಸಿಗೆ ಒಂದು ಕಡೆಗೆ 30 ಕಿಲೋಮೀಟರ್ ಬಸ್ಸು. ಆನೆಕಾಡು ದಾಟಿ ಸುಂಟಿಕೊಪ್ಪ ಬರುವಷ್ಟರಲ್ಲಿ ಸ್ವೆಟರ್ ಹಾಕಿಕೊಳ್ಳಬೇಕು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹೋಗುತ್ತದೆ. ನನಗೆ ಬಸ್ಸಲ್ಲಿ ನಿದ್ದೆ ಬರುತ್ತದೆ, ಹಾಗಾಗಿ ಬೇಜಾರಿಲ್ಲ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೇ ಕಾಯುತ್ತೇನೆ, ಹೆಂಗಸರಿಗೆ ಅದರಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಗಂಡಸರು ಬಸ್ ಚಾರ್ಜು ಸೇರಿಸಿ ಲೆಕ್ಕ ಹಾಕಿಕೊಳ್ಳಿ.