ಡಚ್ ಸರಕು ಕಾಗದ ಇಂಗ್ಲಿಷಿಗೆ: ಯಾವ ಸಾಧನ ಎಲ್ಲಿಯವರೆಗೆ ಬರುತ್ತದೆ?

ರಾಟರ್‌ಡ್ಯಾಮ್ ಬಂದರಿನಿಂದ ಸರಕು ಹೊರಟರೆ ಅದರ ಜೊತೆ ಡಚ್ ಕಾಗದಗಳ ಒಂದು ಕಟ್ಟೂ ಹೊರಡುತ್ತದೆ. ಲಾರಿಯ ಕಾಗದ, ನದಿಯಲ್ಲಿ ಸರಕು ಸಾಗಿಸುವ ಬಾರ್ಜ್ ದೋಣಿಯ ಒಪ್ಪಂದ, ಗೋದಾಮಿನ ಬಿಲ್ಲು, ಕೊನೆಗೆ ಯಾರ ಹೊಣೆ ಎಷ್ಟು ಅಂತ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ ಷರತ್ತುಗಳು. ಇವನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಕೂತು ಯೂರೋಪಿನ ಶಿಪ್ಪಿಂಗ್ ದಾಖಲೆ ನೋಡುವ ಗೆಳೆಯರೂ ಇದ್ದಾರೆ. ಯಾವುದನ್ನು ನಂಬಬೇಕು ಅಂತ ಅವರು ಆಗಾಗ ಕೇಳುತ್ತಾರೆ. ಹಾಗಾಗಿ ಒಂದೇ ಥರದ ಕಾಗದಗಳನ್ನು ಬೇರೆ ಬೇರೆ ಸಾಧನಗಳಿಗೆ ಕೊಟ್ಟು, ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ಮೊದಲು ಉಚಿತವಾಗಿ ಸಿಗುವ ಯಂತ್ರಾನುವಾದ. ಪೂರ್ತಿ ವಾಕ್ಯ ಕೊಟ್ಟರೆ ಇದು ನಿಜಕ್ಕೂ ಚೆನ್ನಾಗಿದೆ. ಲಾರಿ ಗುರುವಾರ ಬೆಳಿಗ್ಗೆ ಬರುತ್ತದೆ, ಇಳಿಸಲು ಜನ ಇರಲಿ ಎಂಬಂಥ ಮೇಲ್‌ಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಕಷ್ಟ ಶುರುವಾಗುವುದು ಪಟ್ಟಿಯಲ್ಲಿ, ಒಂದು ಚೌಕದಲ್ಲಿ ಒಂದೇ ಪದ ಇರುವ ಕಡೆ. ಡಚ್‌ನಲ್ಲಿ ‘ಲೋಟ್ಸ್’ ಅಂದರೆ ಹಡಗಿಗೆ ದಾರಿ ತೋರಿಸಿ ಬಂದರಿನ ಒಳಗೆ ತರುವ ಪೈಲಟ್. ಗೋದಾಮಿಗೂ ಅದೇ ಹೆಸರು. ಸರಕಿನ ಪಟ್ಟಿಯಲ್ಲಿದ್ದ ‘ಲೋಟ್ಸ್ 4’ ನಾನು ನೋಡಿದಾಗ ‘ಪೈಲಟ್ 4’ ಆಗಿ ಬಂತು. ಅದೇ ಪದವನ್ನು ವಾಕ್ಯದಲ್ಲಿ ಕೂರಿಸಿ ಕೊಟ್ಟರೆ ‘ವೇರ್‌ಹೌಸ್’ ಅಂತ ಸರಿಯಾಗಿ ಬಂತು. ಸರಕು ಕಾಗದದಲ್ಲಿ ವಾಕ್ಯಕ್ಕಿಂತ ಚೌಕಗಳೇ ಜಾಸ್ತಿ ಅಲ್ವಾ? ಹಾಗಾಗಿ ಇದನ್ನು ಮೇಲ್‌ಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಎಐ ಚಾಟ್ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಇದು ಗೋದಾಮಿನ ಕಾಗದ, ಇದು ಒಳನಾಡಿನ ಬಾರ್ಜಿನ ಒಪ್ಪಂದ ಅಂತ ಮೊದಲೇ ಹೇಳಿದರೆ ಅರ್ಥ ಹಿಡಿಯುತ್ತದೆ. ಯಾಕೆ ಆ ಪದ ಅಂತ ಕೇಳಿದರೆ ವಿವರಣೆಯನ್ನೂ ಕೊಡುತ್ತದೆ. ತೊಂದರೆ ಏನೆಂದರೆ, ಉದ್ದದ ದಾಖಲೆಯಲ್ಲಿ ಪದ ಒಂದೇ ಥರ ನಿಲ್ಲುವುದಿಲ್ಲ. ಸಾಗಣೆಯ ಏರ್ಪಾಡು ಮಾಡಿಸುವವನು ಒಂದು ಪುಟದಲ್ಲಿ ‘ಫಾರ್ವರ್ಡರ್’ ಆಗಿದ್ದರೆ ಮೂರನೇ ಪುಟದಲ್ಲಿ ‘ಶಿಪ್ಪಿಂಗ್ ಏಜೆಂಟ್’ ಆಗುತ್ತಾನೆ. ಒಪ್ಪಂದದಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ಹೆಸರು ಬಂದರೆ ಓದುವ ವಕೀಲರು ಇವರು ಇಬ್ಬರು ಬೇರೆ ಬೇರೆ ಜನ ಅಂದುಕೊಳ್ಳುತ್ತಾರೆ. ನಮ್ಮದೇ ಪದಪಟ್ಟಿಯನ್ನು ಮೊದಲು ಕೊಟ್ಟು ಕೆಲಸ ಮಾಡಿಸಿದರೆ ಈ ಗೊಂದಲ ಬಹಳ ಕಡಿಮೆಯಾಗುತ್ತದೆ. ಆದರೆ ಆ ಪಟ್ಟಿಯನ್ನು ಬೇರೆ ಎಲ್ಲಿಂದಲೋ ತರಬೇಕು. ಇನ್ನೊಂದು ಮಾತು: ಗ್ರಾಹಕರ ಹೆಸರು, ದರ ಇರುವ ಕಾಗದವನ್ನು ಉಚಿತ ಸೇವೆಗೆ ಸುಮ್ನೆ ಅಂಟಿಸಬೇಡಿ.

ದೊಡ್ಡ ಡಚ್-ಇಂಗ್ಲಿಷ್ ನಿಘಂಟಿನ ಬಗ್ಗೆ ಹೇಳುವುದು ಸ್ವಲ್ಪವೇ. ಹಳೆಯ ಕಡಲ ಪದಗಳಿಗೆ ಚೆನ್ನಾಗಿದೆ. ಆದರೆ ಒಂದು ಪದಕ್ಕೆ ನಾಲ್ಕು ಅರ್ಥ ಕೊಟ್ಟು ಆಯ್ಕೆ ನಮಗೆ ಬಿಡುತ್ತದೆ. ಕಷ್ಟವಿರುವುದೇ ಆ ಆಯ್ಕೆಯಲ್ಲಿ.

ಯೂರೋಪಿಯನ್ ಒಕ್ಕೂಟದ ಪದಕೋಶ ಐಯೇಟ್ 2007ರಿಂದ ಎಲ್ಲರಿಗೂ ತೆರೆದಿದೆ, ಕಾಸಿಲ್ಲ. ಪ್ರತಿ ಪದದ ಪಕ್ಕ ಅದು ಯಾವ ಕ್ಷೇತ್ರದ್ದು ಅಂತ ಬರೆದಿರುತ್ತದೆ, ಎಷ್ಟು ನಂಬಬಹುದು ಅನ್ನುವುದಕ್ಕೆ ನಕ್ಷತ್ರಗಳಿರುತ್ತವೆ. ಇದರ ಬೆಲೆ ನನಗೆ ಗೊತ್ತಾದದ್ದು ‘ಸ್ಖಿಪ್ಪರ್’ (ದೋಣಿ ನಡೆಸುವವನು) ಎಂಬ ಪದದಿಂದ. ಯಂತ್ರಗಳು ಇದನ್ನು ‘ಸ್ಕಿಪ್ಪರ್’ ಅಂತಲೇ ಬಿಡುತ್ತವೆ. ಇಂಗ್ಲಿಷ್ ಆ ಪದವನ್ನು ಡಚ್‌ನಿಂದಲೇ ತಗೊಂಡದ್ದರಿಂದ ಅದು ಸರಿ ಅನ್ನಿಸುತ್ತದೆ. ಆದರೆ ಒಳನಾಡು ಜಲಸಾರಿಗೆಯ ವೃತ್ತಿ ಅರ್ಹತೆಗಳ ಬಗ್ಗೆ ಒಕ್ಕೂಟ 2017ರಲ್ಲಿ ಮಾಡಿದ ನಿರ್ದೇಶನದ ಇಂಗ್ಲಿಷ್ ಪಠ್ಯದಲ್ಲಿ ಇರುವುದು ‘ಬೋಟ್‌ಮಾಸ್ಟರ್’. ಪ್ರಮಾಣಪತ್ರ ಅನುವಾದ ಮಾಡುವಾಗ ಬೇಕಾದದ್ದು ಈ ಪದ. ಐಯೇಟ್‌ನಲ್ಲಿ ಸಿಕ್ಕ ಪದವನ್ನು ಒಕ್ಕೂಟದ ಕಾನೂನುಗಳಿರುವ ಯೂರ್‌ಲೆಕ್ಸ್ ತಾಣದಲ್ಲಿ ಎರಡೂ ಭಾಷೆಯ ಪಠ್ಯ ಪಕ್ಕಪಕ್ಕ ತೆರೆದು ಖಚಿತ ಮಾಡಿಕೊಳ್ಳಬಹುದು. ಆಡಳಿತದ, ಕಾನೂನಿನ ಪದಗಳಿಗೆ ಈ ಜೋಡಿ ಗಟ್ಟಿ. ವ್ಯಾಪಾರದ ಪದಗಳಿಗೆ ಅಷ್ಟು ಉಪಯೋಗವಿಲ್ಲ.

ಈಗ ನಾನು ಎಲ್ಲಕ್ಕಿಂತ ಮೇಲೆ ಇಡುವ ದಾರಿಗೆ ಬರುತ್ತೇನೆ. ಸರಕಿನ ಕಾಗದ ಯಾವ ಒಪ್ಪಂದದ ಕೆಳಗೆ ಬರುತ್ತದೋ ಅದರ ಡಚ್, ಇಂಗ್ಲಿಷ್ ಪಠ್ಯಗಳನ್ನು ಪಕ್ಕಪಕ್ಕ ಇಟ್ಟು, ಪದವನ್ನು ಅಲ್ಲಿಂದಲೇ ಎತ್ತಿಕೊಳ್ಳುವುದು.

ಸರಕು ಕಳಿಸುವವನಿಗೆ ಡಚ್‌ನಲ್ಲಿ ‘ಆಫ್‌ಜೆಂಡರ್’ ಅನ್ನುತ್ತಾರೆ. ದೇಶದಿಂದ ದೇಶಕ್ಕೆ ಲಾರಿಯಲ್ಲಿ ಹೋಗುವ ಸರಕಿಗೆ 1956ರ ಜಿನೀವಾದ ಸಿಎಂಆರ್ ಒಪ್ಪಂದ ಅನ್ವಯಿಸುತ್ತದೆ. ಅದರ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಅಂದರೆ ಇಂಗ್ಲಿಷ್ ಪದವೇ ಮೂಲ, ಡಚ್ ಪದ ಅದರ ಅನುವಾದ. ಅಲ್ಲಿ ಈ ಮನುಷ್ಯ ‘ಸೆಂಡರ್’. ಅದೇ ಸರಕು ರೈನ್ ನದಿಯಲ್ಲಿ ಬಾರ್ಜ್ ಹತ್ತಿದರೆ ಬುಡಾಪೆಸ್ಟಿನ ಸಿಎಂಎನ್‌ಐ ಒಪ್ಪಂದ ಬರುತ್ತದೆ. ಅದರ ಡಚ್ ಪಠ್ಯಕ್ಕೂ ಇಂಗ್ಲಿಷ್ ಪಠ್ಯಕ್ಕೂ ಸಮಾನ ಅಧಿಕಾರವಿದೆ. ಅಲ್ಲಿ ಅವನು ‘ಶಿಪ್ಪರ್’. ಡಚ್ ಪದ ಬದಲಾಗಲಿಲ್ಲ, ಚಕ್ರದ ಬದಲು ನೀರು ಬಂತು, ಇಂಗ್ಲಿಷ್ ಪದ ಬದಲಾಯಿತು. ನಾನು ನೋಡಿದ ಯಂತ್ರಗಳಲ್ಲಿ ಯಾವುದೂ ಕೇಳದೆ ಈ ವ್ಯತ್ಯಾಸ ತೋರಿಸಲಿಲ್ಲ.

‘ವ್ರಾಖ್ಟ್‌ಬ್ರೀಫ್’, ಅಂದರೆ ಸರಕಿನ ಜೊತೆ ಹೋಗುವ ಸಾಗಣೆ ಪತ್ರ, ಕೂಡ ಹಾಗೆಯೇ. ರಸ್ತೆಯಲ್ಲಿ ಅದು ‘ಕನ್‌ಸೈನ್‌ಮೆಂಟ್ ನೋಟ್’. ವಿಮಾನದ ಕಾಗದವಾದರೆ ‘ಏರ್ ವೇಬಿಲ್’, ಸಮುದ್ರದ್ದಾದರೆ ‘ಸೀ ವೇಬಿಲ್’. ಇದನ್ನು ‘ಬಿಲ್ ಆಫ್ ಲೇಡಿಂಗ್’ ಅಂತ ಬರೆದರೆ ದೊಡ್ಡ ಅನಾಹುತ. ಅದಕ್ಕೆ ಡಚ್‌ನಲ್ಲಿ ‘ಕೊಗ್ನೊಸ್ಮೆಂಟ್’ ಎಂಬ ಬೇರೆಯೇ ಪದವಿದೆ. ಬಿಲ್ ಆಫ್ ಲೇಡಿಂಗ್ ಕೈಯಿಂದ ಕೈಗೆ ಹೋದರೆ ಸರಕಿನ ಹಕ್ಕೂ ಅದರ ಜೊತೆ ಹೋಗಬಹುದು. ವೇಬಿಲ್‌ಗೆ ಆ ಶಕ್ತಿ ಇಲ್ಲ. ಬ್ಯಾಂಕಿನವರು ಲೆಟರ್ ಆಫ್ ಕ್ರೆಡಿಟ್ (ಸರಕಿನ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಭರವಸೆ ಪತ್ರ) ನೋಡುವಾಗ ಮೊದಲು ಹುಡುಕುವುದೇ ಇದನ್ನು.

ಹಣದ ಲೆಕ್ಕ ಜಾಸ್ತಿ ಇರುವುದು ‘ಎಕ್ಸ್‌ಪೆಡಿಟ್ಯೂರ್’ ಮತ್ತು ‘ಫರ್‌ವೂರ್ಡರ್’ ನಡುವೆ. ಡಚ್ ನಾಗರಿಕ ಸಂಹಿತೆಯ 8ನೇ ಪುಸ್ತಕ ಸಾರಿಗೆ ಕಾನೂನಿನದು. ಅದರ ಪ್ರಕಾರ ಮೊದಲನೆಯವನು ಸಾಗಣೆಯ ಏರ್ಪಾಡು ಮಾಡಿಸುತ್ತಾನೆ, ಎರಡನೆಯವನು ಸರಕನ್ನು ಹೊತ್ತೊಯ್ಯುತ್ತಾನೆ. ಇಂಗ್ಲಿಷಿನಲ್ಲಿ ‘ಫ್ರೈಟ್ ಫಾರ್ವರ್ಡರ್’ ಮತ್ತು ‘ಕ್ಯಾರಿಯರ್’. ಲಾರಿಯಲ್ಲಿ ಸರಕು ಹಾಳಾದರೆ ಸಿಎಂಆರ್ ಕೆಳಗೆ ಕ್ಯಾರಿಯರ್ ಹೊಣೆಯ ಮಿತಿ ಕಿಲೋಗೆ 8.33 ಎಸ್‌ಡಿಆರ್, ಅಂದರೆ ಐಎಂಎಫ್‌ನ ಲೆಕ್ಕದ ಮಾನದಲ್ಲಿ. ನೆದರ್ಲೆಂಡ್ಸ್ ಒಳಗೇ ಓಡಾಡುವ ಲಾರಿಗೆ ಎವಿಸಿ 2002 ಎಂಬ ಸಾಮಾನ್ಯ ಸಾಗಣೆ ಷರತ್ತುಗಳನ್ನು ಹಾಕಿದ್ದರೆ ಕಿಲೋಗೆ 3.40 ಯೂರೋ. ಬರೀ ಏರ್ಪಾಡು ಮಾಡಿದ ಫಾರ್ವರ್ಡರನಿಗೆ ಸಾಮಾನ್ಯವಾಗಿ ಸಾಗಣೆದಾರನ ಈ ಹೊಣೆ ಬರುವುದಿಲ್ಲ. ಎವಿಸಿಗೂ, ಫಾರ್ವರ್ಡರ್‌ಗಳ ಸಂಘ ಫೆನೆಕ್ಸ್‌ನ ಷರತ್ತುಗಳಿಗೂ ಇಂಗ್ಲಿಷ್ ಆವೃತ್ತಿಗಳು ಸಿಗುತ್ತವೆ. ಕಾಗದದ ಕೆಳಗೆ ಆ ಷರತ್ತುಗಳ ಹೆಸರಿದ್ದರೆ ನಾನು ಹೊಸ ಪದ ಹುಡುಕಲು ಹೋಗುವುದಿಲ್ಲ, ಅಲ್ಲಿರುವುದನ್ನೇ ಬಳಸುತ್ತೇನೆ.

ಒಪ್ಪಂದಗಳಲ್ಲಿ ಸಿಗದ ಪದಗಳಿಗೆ ಬಂದರಿನ ಎರಡು ಭಾಷೆಯ ವರದಿಗಳು ನೆರವಾಗುತ್ತವೆ. ‘ಓವರ್‌ಸ್ಲಾಖ್’ ನೋಡಿ, ಅಂದರೆ ಸರಕು ಇಳಿಸುವುದು, ಹತ್ತಿಸುವುದು. ನಿಘಂಟು ‘ಟ್ರಾನ್ಸ್‌ಶಿಪ್‌ಮೆಂಟ್’ ಅನ್ನುತ್ತದೆ. ಕಂಟೇನರ್ ವ್ಯಾಪಾರದಲ್ಲಿ ಆ ಪದ ಕೇಳಿದವರಿಗೆ ಒಂದು ಹಡಗಿನಿಂದ ಇಳಿದು ಇನ್ನೊಂದು ಹಡಗು ಹತ್ತಿ ಬೇರೆ ದೇಶಕ್ಕೆ ಹೋದ ಸರಕು ಕಣ್ಣಮುಂದೆ ಬರುತ್ತದೆ. ರಾಟರ್‌ಡ್ಯಾಮಿನಲ್ಲಿ 2024ರಲ್ಲಿ ಆದ ಓವರ್‌ಸ್ಲಾಖ್ ಸುಮಾರು 43.6 ಕೋಟಿ ಟನ್. ಅದರಲ್ಲಿ ಅಲ್ಲೇ ಸಂಸ್ಕರಣಾಗಾರಕ್ಕೆ ಹೋದ ಕಚ್ಚಾ ತೈಲವೂ ಇದೆ, ಜರ್ಮನಿಗೆ ಹೋದ ಕಬ್ಬಿಣದ ಅದಿರೂ ಇದೆ. ಅಷ್ಟನ್ನೂ ಟ್ರಾನ್ಸ್‌ಶಿಪ್‌ಮೆಂಟ್ ಅಂದರೆ ಅಂಕಿ ಸರಿ ಇದ್ದರೂ ಮಾತು ಸುಳ್ಳಾಗುತ್ತದೆ. ಬಂದರಿನವರು ತಮ್ಮ ಇಂಗ್ಲಿಷ್ ವರದಿಯಲ್ಲಿ ಬರೆಯುವುದು ‘ಥ್ರೂಪುಟ್’. ಗೋದಾಮಿನ ಬಿಲ್ಲಿನಲ್ಲಿ ಓವರ್‌ಸ್ಲಾಖ್ ಬಂದರೆ ಮಾತ್ರ ನಾನು ‘ಹ್ಯಾಂಡ್ಲಿಂಗ್’ ಅಂತ ಬರೆಯುತ್ತೇನೆ.

ಈ ದಾರಿ ನಿಧಾನ. ಅದು ನಿಜವಾದ ಕೊರತೆ. ಸಂಜೆಯೊಳಗೆ ಬೇಕು ಅನ್ನುವ ಗ್ರಾಹಕರಿಗೆ ಒಪ್ಪಂದ ತೆರೆದು ಕೂರುವ ಸಮಯ ಸಿಗುವುದಿಲ್ಲ. ಅದಕ್ಕೆ ಬಿಡುವಿದ್ದಾಗಲೇ ರಸ್ತೆ, ನದಿ, ಸಮುದ್ರ ಅಂತ ಮೂರು ಬೇರೆ ಪದಪಟ್ಟಿ ಮಾಡಿಟ್ಟುಕೊಂಡೆ. ಎಲ್ಲವನ್ನೂ ಒಂದೇ ಪಟ್ಟಿಗೆ ಹಾಕಿದರೆ ಆಫ್‌ಜೆಂಡರ್ ಥರದ ಪದಗಳಲ್ಲಿ ಮತ್ತೆ ಅದೇ ಗೊಂದಲ. ಕಾಗದ ಬಂದಾಗ ಅದಕ್ಕೆ ಹೊಂದುವ ಪಟ್ಟಿಯನ್ನು ಎಐಗೆ ಕೊಟ್ಟು ಕರಡು ಮಾಡಿಸುತ್ತೇನೆ, ಆಮೇಲೆ ಚೌಕಗಳನ್ನು ಒಂದೊಂದಾಗಿ ಕಣ್ಣಾರೆ ನೋಡುತ್ತೇನೆ. ಸದ್ಯಕ್ಕೆ ವೇಗಕ್ಕೂ ನಂಬಿಕೆಗೂ ಇದೇ ಸರಿಹೋಗುತ್ತಿದೆ.

ಗೋದಾಮಿನ ಅಂಗಳದ ಮಾತಿಗೆ ಮಾತ್ರ ಈ ಯಾವುದೂ ಸಾಲದು. ‘ಬ್ಲಾಕ್‌ಪ್ಯಾಲೆಟ್’ ಅಂತ ಡಚ್ಚರು ಸಾಮಾನ್ಯವಾಗಿ ಅನ್ನುವುದು 100×120 ಸೆಂ.ಮೀ. ಅಳತೆಯ ಪ್ಯಾಲೆಟ್ಟಿಗೆ, ಅಂದರೆ ಸರಕು ಜೋಡಿಸುವ ಅಡಿಮಣೆಗೆ. ಇಂಗ್ಲಿಷಿನಲ್ಲಿ ಅದೇ ಸದ್ದಿನ ಪದ ಹೇಳುವುದು ಪ್ಯಾಲೆಟ್ ಕಟ್ಟಿದ ರೀತಿಯನ್ನು, ಅಳತೆಯನ್ನಲ್ಲ. 80×120ರ ಯೂರೋ ಪ್ಯಾಲೆಟ್ ಲಾರಿಯಲ್ಲಿ 0.4 ಲೋಡಿಂಗ್ ಮೀಟರ್ (ಲಾರಿಯ ಪೂರ್ತಿ ಅಗಲಕ್ಕೆ ಅಳೆದ ಉದ್ದ) ಜಾಗ ಹಿಡಿಯುತ್ತದೆ, ಈ ದೊಡ್ಡದು 0.5. ಹತ್ತು ಪ್ಯಾಲೆಟ್ಟಿಗೆ ಒಂದು ಮೀಟರ್ ವ್ಯತ್ಯಾಸ, ಬಾಡಿಗೆಯೂ ಅದಕ್ಕೆ ತಕ್ಕಂತೆ. ಇಂಥ ಕಡೆ ನಾನು ಪದವನ್ನು ಬಿಟ್ಟು ಅಳತೆಯನ್ನೇ ಬರೆಯುತ್ತೇನೆ. ಕಾಗದದಲ್ಲಿ ಅಳತೆ ಇಲ್ಲದಿದ್ದರೆ ಲೋಡ್ ಮಾಡಿದವರಿಗೇ ಫೋನ್ ಹಚ್ಚುತ್ತೇನೆ.