ಹಳದಿ ಪುಸ್ತಕಗಳು: ಲೈಬ್ರರಿ ಯಾವ ಪ್ರತಿ ಕೊಳ್ಳಬೇಕು?

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಗಣಿತದ ಕಪಾಟು ಎಲ್ಲಿದೆ ಅಂತ ಕೇಳಬೇಕಾಗಿಲ್ಲ, ಹಳದಿ ಬೆನ್ನುಗಳು ದೂರದಿಂದಲೇ ಕಾಣುತ್ತವೆ. ಸ್ಪ್ರಿಂಗರ್ ಪ್ರಕಾಶನದ ‘ಗ್ರಾಜುಯೇಟ್ ಟೆಕ್ಸ್ಟ್ಸ್ ಇನ್ ಮ್ಯಾಥಮ್ಯಾಟಿಕ್ಸ್’ ಮಾಲೆ, ಬಾಯಿಮಾತಲ್ಲಿ ಜಿಟಿಎಂ, 1971ರಲ್ಲಿ ಶುರುವಾದದ್ದು. ಒಳಗಿನ ಗಣಿತಕ್ಕೆ ಇಲ್ಲಿ ಅಂಕ ಹಾಕುವುದಿಲ್ಲ. ಆದರೆ ಇದೇ ಮಾಲೆಯ ಪುಸ್ತಕ ಹೊಲಿಗೆಯ ಹಳೆ ಹಾರ್ಡ್‌ಬೌಂಡ್ ಆಗಿ ಇರಬಹುದು, ಆರ್ಡರ್ ಬಂದಾಗಷ್ಟೇ ಮುದ್ರಿಸುವ ಹೊಸ ಹಾರ್ಡ್‌ಬೌಂಡ್ ಆಗಿ ಬರಬಹುದು, ಭಾರತದ ಅಗ್ಗದ ಪೇಪರ್‌ಬ್ಯಾಕ್ ಆಗಿಯೋ ಪಿಡಿಎಫ್ ಆಗಿಯೋ ಸಿಗಬಹುದು. ಪಠ್ಯ ಒಂದೇ, ಆಯುಷ್ಯ ಮಾತ್ರ ಬೇರೆ ಬೇರೆ.

ಮೊದಲು ಬೈಂಡಿಂಗ್. ಕಾದಂಬರಿಯ ಹಾಗೆ ಗಣಿತದ ಪುಸ್ತಕವನ್ನು ಯಾರೂ ಕೈಯಲ್ಲಿ ಹಿಡಿದು ಓದುವುದಿಲ್ಲ. ಒಂದೇ ಪುಟ ತೆರೆದು ಮೇಜಿನ ಮೇಲೆ ಗಂಟೆಗಟ್ಟಲೆ ಮಲಗಿಸುತ್ತಾರೆ, ಪಕ್ಕದಲ್ಲಿ ಲೆಕ್ಕ ಬಿಡಿಸುತ್ತಾರೆ, ಆಮೇಲೆ ಜೆರಾಕ್ಸ್ ಗಾಜಿನ ಮೇಲೆ ಒತ್ತುತ್ತಾರೆ. ಹೊಲಿದ ಪುಸ್ತಕ ಇದನ್ನೆಲ್ಲ ತಡೆಯುತ್ತದೆ. ಬರೀ ಗಮ್ ಬೈಂಡಿಂಗಿನದಾದರೆ ವರ್ಷ ಕಳೆದಂತೆ ಗೋಂದು ಒಣಗಿ ಗಡಸಾಗಿ, ಹೆಚ್ಚು ತೆರೆಯುವ ಜಾಗದಲ್ಲೇ ಬೆನ್ನು ಬಿರುಕು ಬಿಡುತ್ತದೆ. ಒಂದು ಕಡೆ ಬಿರುಕು ಬಿಟ್ಟರೆ ಅಕ್ಕಪಕ್ಕದ ಹಾಳೆಗಳೂ ಒಂದೊಂದಾಗಿ ಕೈಗೆ ಬರುತ್ತವೆ.

ಪುಸ್ತಕ ಬಂದ ದಿನವೇ, ಅಕ್ಸೆಷನ್ ನಂಬರ್ (ಲೈಬ್ರರಿಯ ದಾಖಲೆ ಸಂಖ್ಯೆ) ಹಾಕುವ ಮೊದಲು, ಬೆನ್ನಿನ ಮೇಲ್ತುದಿ ನೋಡಿ. ಮಡಿಸಿದ ಫಾರಂಗಳ, ಅಂದರೆ ಒಂದೇ ದೊಡ್ಡ ಹಾಳೆ ಮಡಿಸಿ ಮಾಡಿದ ಪುಟಗಳ ಕಟ್ಟುಗಳ, ಸಾಲು ಕಂಡರೆ ಹೊಲಿಗೆ ಇರುವ ಸಾಧ್ಯತೆ ಹೆಚ್ಚು. ಆದರೆ ಅಷ್ಟೇ ಸಾಲದು: ಮಡಿಕೆಯಲ್ಲೇ ಸೀಳು ಹಾಕಿ ಗೋಂದು ತುಂಬುವ ಪದ್ಧತಿಯೂ ಇದೆ. 16 ಅಥವಾ 32 ಪುಟಕ್ಕೊಮ್ಮೆ ಫಾರಂ ನಡುವೆ ದಾರ ಕಂಡರೆ ಮಾತ್ರ ಖಚಿತ. ಇನ್ನು ಕೊನೆಯ ಖಾಲಿ ಪುಟದಲ್ಲಿ ಪುಟ್ಟ ಬಾರ್‌ಕೋಡ್ ಮತ್ತು ಮುದ್ರಣದ ಊರಿನ ಹೆಸರು ಇದ್ದರೆ ಅದು ಬಹುತೇಕ ಬೇಡಿಕೆ ಮುದ್ರಣದ ಪ್ರತಿ. ಗಟ್ಟಿ ರಟ್ಟು ನೋಡಿ ಮೋಸಹೋಗಬೇಡಿ, ಒಳಗಿರುವುದು ಬರೀ ಗೋಂದು. ಹಳೆಯ ಶೀರ್ಷಿಕೆಗಳಲ್ಲಿ ಇನ್ನೊಂದು ತೊಂದರೆ: ಸ್ಕ್ಯಾನ್ ಮಾಡಿದ ಪುಟಗಳಿಂದ ಮುದ್ರಿಸಿದಾಗ ತೆಳು ಗೆರೆಗಳು ಕಳಚಿಹೋಗುತ್ತವೆ. ಪ್ರೈಮ್ ಚಿಹ್ನೆ (′) ಮಾಯ, ಅಕ್ಷರದ ತಲೆಮೇಲಿನ ಟಿಲ್ಡೆ (~) ನೋಡಿದರೆ ನೇರ ಗೆರೆಯ ಬಾರ್ ಇದ್ದಂತೆ. ಕಾದಂಬರಿಯಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ, ಇಲ್ಲಿ ಪ್ರಮೇಯವೇ ಬೇರೆಯಾಗುತ್ತದೆ.

ಭಾರತೀಯ ಉಪಖಂಡಕ್ಕೆ ಮಾತ್ರ ಎಂಬ ಒಕ್ಕಣೆಯ ಪೇಪರ್‌ಬ್ಯಾಕ್ ಬಗ್ಗೆ ಮೂಗು ಮುರಿಯುವವರಿದ್ದಾರೆ. ಅನ್ಯಾಯ. ಕಾಗದ ತೆಳು, ಬೆನ್ನು ದುರ್ಬಲ, ಒಪ್ಪೋಣ. ಆದರೆ ಒಂದು ಆಮದು ಪ್ರತಿಯ ದುಡ್ಡಿಗೆ ಹಲವು ಪ್ರತಿ ಬರುತ್ತವೆ. ಎಂ.ಎಸ್ಸಿ. ತರಗತಿ ಇಡೀ ಒಂದೇ ಪುಸ್ತಕದ ಹಿಂದೆ ಬಿದ್ದಾಗ ಅದೇ ಸರಿಯಾದ ಖರೀದಿ.

ಪೇಪರ್‌ಬ್ಯಾಕನ್ನು ನಿಜವಾಗಿ ಕೊಲ್ಲುವುದು ರಿಪೇರಿ. ಗುತ್ತಿಗೆ ಬೈಂಡರ್ ಬೆನ್ನಿನ ಪಕ್ಕದಲ್ಲಿ ತೂತು ಕೊರೆದು ಅಡ್ಡ ಹೊಲಿಗೆ ಹಾಕಿದರೆ ಒಳ ಅಂಚಿನಲ್ಲಿ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಹೋಗುತ್ತದೆ. ಎಡ ಪುಟದ ಸಮೀಕರಣದ ಕೊನೆಯ ಘಾತಾಂಕ, ಬಲ ಪುಟದ ಸಾಲಿನ ಮೊದಲ ಅಕ್ಷರ, ಎರಡೂ ಹೊಲಿಗೆಯೊಳಗೆ ಹೂತುಹೋಗುತ್ತವೆ. ಬಗ್ಗಿಸಿ ಓದಲು ಹೋದರೆ ಹಾಳೆ ಹರಿಯುತ್ತದೆ. ಬದಲಿಗೆ ಹೀಗೆ ಮಾಡಿಸಬೇಕು: ಹಳೆ ಗೋಂದು ಪೂರ್ತಿ ಕೆರೆದು, ಹಾಳೆಗಳನ್ನು ಕುಟ್ಟಿ ಸಮ ಮಾಡಿ, ಕಟ್ಟನ್ನು ಒಂದು ಪಕ್ಕಕ್ಕೆ ಬೀಸಣಿಗೆಯಂತೆ ಬಗ್ಗಿಸಿ ಪ್ರತಿ ಹಾಳೆಯ ಅಂಚಿಗೂ ಕೂದಲೆಳೆಯಷ್ಟು ಪಿವಿಎ (ಬಿಳಿ ಫೆವಿಕಾಲ್ ಬಗೆಯ) ಗೋಂದು ತಾಗುವಂತೆ ಬ್ರಷ್ ಆಡಿಸುವುದು, ಇನ್ನೊಂದು ಪಕ್ಕಕ್ಕೂ ಬಗ್ಗಿಸಿ ಹಾಗೆಯೇ ಮಾಡುವುದು. ಮೇಲೆ ಜಾಳು ಬಟ್ಟೆ ಅಂಟಿಸಿ, ಇಡೀ ರಾತ್ರಿ ಭಾರದಡಿ ಒಣಗಿಸಬೇಕು. ಪಿವಿಎ ಒಣಗಿದ ಮೇಲೂ ಬಳುಕುತ್ತದೆ, ಆದ್ದರಿಂದ ಪುಸ್ತಕ ಚಪ್ಪಟೆಯಾಗಿ ತೆರೆಯುತ್ತದೆ. ‘ಅಡ್ಡ ಹೊಲಿಗೆ ಬೇಡ, ಒಳ ಅಂಚು ಕತ್ತರಿಸಬಾರದು’ ಎಂದು ವರ್ಕ್ ಆರ್ಡರಿನಲ್ಲೇ ಬರೆಯಿರಿ. ಬಾಯಲ್ಲಿ ಹೇಳಿದ್ದು ಬೈಂಡರ್‌ ಅಂಗಡಿ ತಲುಪುವುದಿಲ್ಲ.

ಆರ್ಡರ್ ಮಾಡುವಾಗ ಆವೃತ್ತಿ ನೋಡುತ್ತಾರೆ, ಮುದ್ರಣ ನೋಡುವುದಿಲ್ಲ. ರಾಬಿನ್ ಹಾರ್ಟ್‌ಶೋರ್ನ್ ಅವರ ‘ಆಲ್ಜಿಬ್ರಾಯಿಕ್ ಜಿಯಾಮೆಟ್ರಿ’, ಜಿಟಿಎಂ 52, ಬಂದದ್ದು 1977ರಲ್ಲಿ. ತಿದ್ದಿದ 8ನೇ ಮುದ್ರಣ 1997ರದ್ದು. ಆವೃತ್ತಿ ಅದೇ ಆದರೂ ತಪ್ಪುಗಳು ಕಡಿಮೆ. ಮುದ್ರಣ ಬದಲಾದರೆ ಐಎಸ್‌ಬಿಎನ್ ಬದಲಾಗಬೇಕೆಂದಿಲ್ಲವಾದ್ದರಿಂದ ಅದೊಂದನ್ನೇ ನಂಬಿದರೆ ಮಾರಾಟಗಾರ ಗೋದಾಮಿನ ಹಳೆ ಪ್ರತಿ ಕಳಿಸಬಹುದು. ಕಾಪಿರೈಟ್ ಪುಟದ ಕೆಳಗೆ 9, 8, 7 ಎಂದು ಇಳಿಯುವ ಅಂಕಿಗಳ ಸಾಲಿದ್ದರೆ, ಅದರಲ್ಲಿ ಉಳಿದ ಅತಿ ಚಿಕ್ಕದು ಮುದ್ರಣದ ಸಂಖ್ಯೆ.

ಪಿಡಿಎಫ್ ಬಗ್ಗೆ ದೂರು ಕಡಿಮೆ. ಸ್ಪ್ರಿಂಗರಿನ ಇ-ಪುಸ್ತಕ ಅಧ್ಯಾಯವಾರು ಇಳಿಯುತ್ತದೆ, ನಕಲು ತಡೆಯುವ ಬೀಗ ಇರುವುದಿಲ್ಲ, ಇಡೀ ತರಗತಿ ಒಟ್ಟಿಗೆ ತೆರೆಯಬಹುದು. ಮಧ್ಯವರ್ತಿ ವೇದಿಕೆಗಳಲ್ಲಿ ಅದೇ ಬಗೆಯ ಪುಸ್ತಕಕ್ಕೆ ‘ಏಕಕಾಲಕ್ಕೆ ಒಬ್ಬರು’ ಎಂಬ ಷರತ್ತು ಬೀಳಬಹುದು, ಸಹಿ ಹಾಕುವ ಮುಂಚೆ ಓದಿ. ಹಳೆ ಸ್ಕ್ಯಾನ್‌ಗಳಲ್ಲಿ ಪದ ಹುಡುಕಿದರೆ ಸಿಗುತ್ತದೆ, ಸೂತ್ರ ಸಿಗುವುದಿಲ್ಲ. ಅಂದಹಾಗೆ, 2025ರಲ್ಲಿ ಶುರುವಾದ ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಜರ್ನಲ್‌ಗಳ ಯೋಜನೆ. ಅದನ್ನು ತೋರಿಸಿ ಪುಸ್ತಕದ ಬಜೆಟ್ ಕತ್ತರಿಸಲು ಬಂದರೆ ಒಪ್ಪಬೇಡಿ.

ಹಳದಿ ಸಾಲು ಚೆಂದ ಕಾಣುತ್ತದೆಂದು ಮಾಲೆಯನ್ನೆಲ್ಲ ಒಂದೇ ಕಡೆ ಜೋಡಿಸುವ ಲೈಬ್ರರಿಗಳಿವೆ. ಹಾಗೆ ಬೇಡ, ವಿಷಯವಾರು ಇಡಿ: ಡ್ಯೂಯಿ ವರ್ಗೀಕರಣದಂತೆ ಟೊಪಾಲಜಿ 514ಕ್ಕೆ, ಅನಾಲಿಸಿಸ್ 515ಕ್ಕೆ ಹೋಗಲಿ. ಮಾಲೆಯ ಹೆಸರು ಕ್ಯಾಟಲಾಗಿನ ಮಾರ್ಕ್ (MARC) ದಾಖಲೆಯಲ್ಲಿ ಮಾಲೆಗೆಂದೇ ಇರುವ 490 ಮತ್ತು 830 ಟ್ಯಾಗ್‌ನಲ್ಲಿದ್ದರೆ ಸಾಕು. ಓದುಗನ ಸಮಯ ಉಳಿಸಿ ಎಂದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರೇ.

ದುಡ್ಡು ಕಡಿಮೆಯಿದ್ದರೆ ದೆಹಲಿಯ ಹಿಂದೂಸ್ತಾನ್ ಬುಕ್ ಏಜೆನ್ಸಿಯ ‘ಟ್ರಿಮ್’ (ಟೆಕ್ಸ್ಟ್ಸ್ ಅಂಡ್ ರೀಡಿಂಗ್ಸ್ ಇನ್ ಮ್ಯಾಥಮ್ಯಾಟಿಕ್ಸ್) ಮಾಲೆ ನೋಡಿ. ಟೆರೆನ್ಸ್ ಟಾವ್ ಅವರ ‘ಅನಾಲಿಸಿಸ್’ ಎರಡು ಸಂಪುಟ 2006ರಲ್ಲಿ ಮೊದಲು ಬಂದದ್ದು ಇಲ್ಲೇ, 37 ಮತ್ತು 38ನೇ ಸಂಖ್ಯೆಯಾಗಿ. ಕೊಳ್ಳುವಾಗ ಎರಡೂ ಸಂಪುಟ ಒಂದೇ ಆವೃತ್ತಿಯದಿರಲಿ: ಮೊದಲ ಆವೃತ್ತಿಗಳಲ್ಲಿ ಎರಡನೇ ಸಂಪುಟ 12ನೇ ಅಧ್ಯಾಯದಿಂದ ಶುರು, ಮೂರನೇ ಆವೃತ್ತಿಯಲ್ಲಿ ಮತ್ತೆ 1ರಿಂದ. ಹಳೆ ಸಿಲೆಬಸ್ ‘ಅಧ್ಯಾಯ 12’ ಎಂದಿದ್ದರೆ ಹೊಸ ಪ್ರತಿ ಹಿಡಿದವರು ಅದೇ ವಿಷಯಕ್ಕೆ, ಅಂದರೆ ಮೆಟ್ರಿಕ್ ಸ್ಪೇಸ್‌ಗೆ, ಎರಡನೇ ಸಂಪುಟದ ಮೊದಲ ಅಧ್ಯಾಯ ತೆರೆಯಬೇಕು.